ಕ್ಯಾಲಿಫೋರ್ನಿಯಾದ ಪಾಯಿಂಟ್ ರೇಯ್ಸ್ ಕಡಲತೀರದಲ್ಲಿ ಟೆಂಟ್ ಹಾಕಬೇಕು, ಜೊತೆಗೆ ಅತ್ತೆ-ಮಾವ ಮತ್ತು ಮಗಳು. ಹೇಗೆ ಪ್ಲಾನ್ ಮಾಡಲಿ?

ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲಿಗೆ ಮೊದಲು ಉತ್ತರ ಹೇಳಿಬಿಡ್ತೀನಿ. "ಜುಲೈನಲ್ಲಿ ಹೋಗೋಣ ಅಂತಿದ್ದೀವಿ, ಫೋನಲ್ಲಿ 14 ಡಿಗ್ರಿ ತೋರಿಸ್ತಿದೆ, ಚಿಕ್ಕಮಗಳೂರಿನ ಚಳಿಗಾಲದ ಹಾಗೇ ಅಲ್ವಾ?" ಅಂತ ಕೇಳಿದ್ದೀರಿ. ಡಿಗ್ರಿ ಲೆಕ್ಕಕ್ಕೆ ಹೌದು. ಆದರೆ ಚಿಕ್ಕಮಗಳೂರಿನ ಚಳಿಯಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಬಂದು ಮೈ ಕಾಯಿಸುತ್ತೆ. ಇಲ್ಲಿ ಜುಲೈನಲ್ಲಿ ಮಧ್ಯಾಹ್ನ ಆದರೂ ಮಂಜು ಕರಗದೇ ಇರಬಹುದು, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ. ಐದು ಜನ, ಎರಡು ರಾತ್ರಿ, ಅದರಲ್ಲಿ ಇಬ್ಬರು ಅರವತ್ತು ದಾಟಿದವರು, ಒಬ್ಬಳು ಎಂಟು ವರ್ಷದ ಮಗಳು ಅಂದಾಗ ತಾಪಮಾನ ನೋಡಿ ಪ್ಲಾನ್ ಮಾಡೋದು ಬೇಡ. ಗಾಳಿ ನೋಡಿ ಮಾಡಿ. ಯಾವ ತಿಂಗಳು, ಯಾವ ಜಾಗ, ಯಾವ ಟೆಂಟು, ಏನು ಅಡುಗೆ, ಎಲ್ಲವೂ ಅದರಿಂದಲೇ ತೀರ್ಮಾನ ಆಗುತ್ತೆ.

ಈ ಗಾಳಿ ಎಲ್ಲಿಂದ ಬರುತ್ತೆ ಅಂತ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಬೇಸಿಗೆಯಲ್ಲಿ ಉತ್ತರ ಪೆಸಿಫಿಕ್ ಮೇಲೆ ದೊಡ್ಡ ಅಧಿಕ ಒತ್ತಡದ ವಲಯ ಕೂತಿರುತ್ತೆ. ಇತ್ತ ಒಳನಾಡಿನ ಸೆಂಟ್ರಲ್ ವ್ಯಾಲಿ 40 ಡಿಗ್ರಿ ಹತ್ತಿರ ಕಾದು, ಅಲ್ಲಿನ ಗಾಳಿ ಮೇಲೇರಿ ಒತ್ತಡ ಇಳಿಯುತ್ತೆ. ಸಮುದ್ರದ ಗಾಳಿ ಅತ್ತ ನುಗ್ಗುತ್ತೆ, ಹೆಚ್ಚಾಗಿ ವಾಯುವ್ಯ ದಿಕ್ಕಿನಿಂದ. ಅದೇ ಗಾಳಿ ತೀರದ ಮೇಲ್ನೀರನ್ನು ಆಚೆ ತಳ್ಳಿದಾಗ ಆಳದ ತಣ್ಣೀರು ಮೇಲೆ ಬರುತ್ತೆ, ಅದರ ಮೇಲೆ ಹಾಯುವ ತೇವದ ಗಾಳಿ ಮಂಜಾಗುತ್ತೆ. ಅಂದರೆ ಆ ವ್ಯಾಲಿಯಲ್ಲಿರೋ ಸ್ಯಾಕ್ರಮೆಂಟೊ ನಗರ ಬೆಂದಷ್ಟೂ ಪಾಯಿಂಟ್ ರೇಯ್ಸ್ ನಡುಗುತ್ತೆ. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ನಲ್ಲಿ ಸೆಕೆ ತಡೆಯೋಕಾಗದೆ ಕಡಲಿಗೆ ಹೊರಡುವ ವಾರಾಂತ್ಯವೇ ಅಲ್ಲಿ ಮಂಜು ದಟ್ಟವಾಗಿರೋ ಸಾಧ್ಯತೆ ಹೆಚ್ಚು. ಮಾವನವರು ಆಕಾಶ ನೋಡಿ "ಮಳೆ ಬರುತ್ತೆ" ಅಂದರೆ ಸಮಾಧಾನ ಹೇಳಿ. ನಮ್ಮ ಕರಾವಳಿಯಲ್ಲಿ ಜುಲೈ ಮೋಡ ಅಂದರೆ ಮಳೆ, ಇಲ್ಲಿ ಬೇಸಿಗೆಯಲ್ಲಿ ಮಳೆಯೇ ಅಪರೂಪ.

ಅತ್ತೆ-ಮಾವ ಅಕ್ಟೋಬರ್ ಕೊನೆವರೆಗೂ ಇರ್ತಾರೆ ಅಂತ ಬರೆದಿದ್ದೀರಿ. ಹಾಗಿದ್ದರೆ ದಯವಿಟ್ಟು ಸೆಪ್ಟೆಂಬರ್ ಎರಡನೇ ವಾರದ ನಂತರ ಹೋಗಿ. ಏಪ್ರಿಲ್‌ನಿಂದ ಜೂನ್‌ವರೆಗೆ ವಾಯುವ್ಯ ಗಾಳಿಯ ಕಾಲ, ಜುಲೈ-ಆಗಸ್ಟ್ ಮಂಜಿನ ಕಾಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎರಡೂ ಸಡಿಲವಾಗಿ, ವರ್ಷದಲ್ಲೇ ಅತಿ ಬೆಚ್ಚಗಿನ, ತಿಳಿಯಾದ ದಿನಗಳು ಸಿಗುತ್ತವೆ. ಶಾಲೆ ಶುರುವಾಗಿರುತ್ತೆ ನಿಜ, ಒಂದು ಶುಕ್ರವಾರ ರಜೆ ಹಾಕಿಸಿದರೂ ನಷ್ಟ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಜಾಗ. ಪಾಯಿಂಟ್ ರೇಯ್ಸ್ ನ್ಯಾಷನಲ್ ಸೀಶೋರ್ ಒಳಗೆ ಕಾರು ನಿಲ್ಲಿಸಿ ಪಕ್ಕದಲ್ಲೇ ಟೆಂಟ್ ಹಾಕುವ ಕ್ಯಾಂಪ್‌ಗ್ರೌಂಡ್ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿರಲ್ಲ. ನಡೆದು ಹೋಗುವ ಕ್ಯಾಂಪ್‌ಗಳು ನಾಲ್ಕು: ಕೋಸ್ಟ್, ಸ್ಕೈ, ಗ್ಲೆನ್, ವೈಲ್ಡ್‌ಕ್ಯಾಟ್. ಟೊಮೇಲ್ಸ್ ಕೊಲ್ಲಿಯ ದಡಕ್ಕೆ ದೋಣಿಯಲ್ಲಿ ಹೋಗಿ ತಂಗೋದು ಬೇರೆ ವಿಷಯ, ನಿಮಗೆ ಬೇಡ. ವೈಲ್ಡ್‌ಕ್ಯಾಟ್ ಚೆಂದದ ಜಾಗ, ಆದರೆ ಪಾಲೊಮೇರಿನ್ ಕಡೆಯಿಂದ ಐದೂವರೆ ಮೈಲಿ ಹೊರೆ ಹೊತ್ತು ನಡೆಯಬೇಕು. ಗ್ಲೆನ್ ಮರಗಳ ನಡುವಿನ ಕಣಿವೆ, ಗಾಳಿ ತಟ್ಟೋದು ಕಡಿಮೆ, ಅದೂ ದೂರ. ಉಳಿದದ್ದು ಎರಡು. ಸ್ಕೈ ಕ್ಯಾಂಪ್ ಲಿಮಂಟೂರ್ ರಸ್ತೆಯಿಂದ ಸುಮಾರು 1.4 ಮೈಲಿ, ಎತ್ತರದಲ್ಲಿದೆ, ಅಲ್ಲಿಂದ ಕಡಲು ಕಾಣುತ್ತೆ, ಮರಳು ಮಾತ್ರ ಸಿಗಲ್ಲ. ಕೋಸ್ಟ್ ಕ್ಯಾಂಪ್ ನೀರಿನ ಹತ್ತಿರ, ಮಗಳು ಓಡಿಹೋಗಿ ಮರಳಲ್ಲಿ ಆಡಬಹುದು. ಅಲ್ಲಿಗೆ ಹತ್ತಿರದ ದಾರಿ 1.8 ಮೈಲಿ, ಆದರೆ ಏರು ಇದೆ. ಕೋಸ್ಟ್ ಟ್ರೇಲ್ ಮೂಲಕ 2.7 ಮೈಲಿ, ಅಂದರೆ ನಾಲ್ಕು ಕಿಲೋಮೀಟರ್ ಮೇಲೆ, ದಾರಿ ಸಪಾಟು. ಮಂಡಿ ನೋವಿರೋರಿಗೆ ಉದ್ದದ ದಾರಿಯೇ ಒಳ್ಳೇದು.

ನಕ್ಷೆಯಲ್ಲಿ ಒಂದು ವಿಷಯ ಗಮನಿಸಿ. ಹೆಸರುವಾಸಿಯಾದ ಗ್ರೇಟ್ ಬೀಚ್ ನೇರವಾಗಿ ತೆರೆದ ಸಮುದ್ರಕ್ಕೆ, ಗಾಳಿ ಬರುವ ಕಡೆಗೇ ಮುಖ ಮಾಡಿದೆ. ಲಿಮಂಟೂರ್ ತೀರ ಮತ್ತು ಕೋಸ್ಟ್ ಕ್ಯಾಂಪ್ ಇರೋದು ಡ್ರೇಕ್ಸ್ ಕೊಲ್ಲಿಯ ಒಳಗೆ. ಉದ್ದಕ್ಕೆ ಚಾಚಿಕೊಂಡ ಭೂಶಿರ ಬೀಸುಗಾಳಿಯನ್ನು ಸ್ವಲ್ಪ ತಡೆಯುತ್ತೆ, ಅಲೆಯೂ ಮೆತ್ತಗಾಗುತ್ತೆ. ಕೆಲವೇ ಮೈಲಿ ಅಂತರ, ಆದರೆ ಎರಡು ಬೇರೆ ಊರಿನ ಹವೆ.

ಅತ್ತೆಯವರಿಗೆ ಅಷ್ಟು ನಡೆಯೋದು ಆಗಲ್ಲ ಅಂದರೆ ಬಲವಂತ ಬೇಡ. ಹತ್ತಿರದಲ್ಲೇ ಸ್ಯಾಮ್ಯುಯೆಲ್ ಪಿ. ಟೇಲರ್ ಸ್ಟೇಟ್ ಪಾರ್ಕ್ ಇದೆ. ರೆಡ್‌ವುಡ್ ಮರಗಳ ಕೆಳಗೆ, ಹೊಳೆಯ ಪಕ್ಕ, ಕಾರಿನ ಬದಿಯಲ್ಲೇ ಟೆಂಟ್ ಹಾಕಬಹುದು. ಗುಡ್ಡದ ಈಚೆ ಇರೋದರಿಂದ ಗಾಳಿ ಕಡಿಮೆ. ರಾತ್ರಿ ಅಲ್ಲಿ ಮಲಗಿ ಹಗಲು ಕಡಲಿಗೆ ಹೋಗಿಬನ್ನಿ. ಜುಲೈನಲ್ಲೇ ಹೋಗಲೇಬೇಕು ಅನ್ನೋದಾದರೆ ನಾನು ಇದನ್ನೇ ಹೇಳ್ತೀನಿ, ಬೇರೆ ಯೋಚನೆಯೇ ಬೇಡ.

ಕೋಸ್ಟ್ ಕ್ಯಾಂಪಿಗೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬುಕ್ ಮಾಡಬೇಕು. ಸಾಮಾನ್ಯ ಸೈಟಿನಲ್ಲಿ ಆರು ಜನರವರೆಗೆ ಇರಬಹುದು, ನಿಮ್ಮ ಐವರಿಗೆ ಒಂದು ಸಾಕು. ಶನಿವಾರದ ರಾತ್ರಿಗಳು ಬಹಳ ಮುಂಚೆ ಹೋಗಿಬಿಡುತ್ತವೆ, ಭಾನುವಾರ-ಸೋಮವಾರ ಹುಡುಕಿದರೆ ಸಿಗೋ ಸಂಭವ ಜಾಸ್ತಿ. ಇಲ್ಲಿ ಕಡಲ ಬೀಚ್ ಮೇಲೇ ಟೆಂಟ್ ಹಾಕಿ ಮಲಗೋಕೆ ಬಿಡಲ್ಲ, ಬುಕ್ ಮಾಡಿದ ಕ್ಯಾಂಪಿನಲ್ಲೇ ಹಾಕಬೇಕು. ಪಾರ್ಕಿನ ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇರಲ್ಲ, ಆದ್ದರಿಂದ ನಕ್ಷೆ, ಬುಕಿಂಗ್ ಎಲ್ಲ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಟೆಂಟ್ ವಿಷಯದಲ್ಲಿ ಸ್ವಲ್ಪ ಹಟ ಮಾಡ್ತೀನಿ. ಅಂಗಡಿಯಲ್ಲಿ ಸಿಗೋ ಎಂಟು ಜನರ ಎತ್ತರದ, ನೇರ ಗೋಡೆಯ ಟೆಂಟ್ ತರಬೇಡಿ, ಗಾಳಿಗೆ ಅದು ಹಾಯಿಯೇ ಆಗಿಬಿಡುತ್ತೆ. ತಗ್ಗಾದ, ಗುಮ್ಮಟದ ಆಕಾರದವು ಎರಡು ತನ್ನಿ, ಹೊರುವುದಕ್ಕೂ ಹಗುರ. ಬೆಳಗಿನ ಹೊತ್ತು ಗಾಳಿ ಸಾಮಾನ್ಯವಾಗಿ ಮಂದ, ಮಧ್ಯಾಹ್ನ ಜೋರು. ಹಾಗಾಗಿ ಬೇಗ ಹೊರಟು, ಹನ್ನೊಂದರ ಒಳಗೆ ನಡಿಗೆ ಶುರು ಮಾಡಿ. ಟೆಂಟಿನ ಕಿರಿದಾದ ಬದಿ ವಾಯುವ್ಯಕ್ಕೆ, ಬಾಗಿಲು ಅದರ ವಿರುದ್ಧ ದಿಕ್ಕಿಗೆ. ಕೋಲು ಎಬ್ಬಿಸೋ ಮೊದಲೇ ಗಾಳಿ ಕಡೆಯ ಎರಡು ಗೂಟ ಹೊಡೆದು, ಒಳಗೆ ಚೀಲಗಳನ್ನು ಇಟ್ಟುಬಿಡಿ. ಗೂಟಗಳು ಟೆಂಟಿನಿಂದ ಆಚೆಗೆ ಓರೆಯಾಗಿರಲಿ, ಮೂಲೆಗಳ ಜೊತೆಗೆ ಪಕ್ಕದ ಹಗ್ಗಗಳನ್ನೂ ಬಿಗಿಯಿರಿ. ಮಳೆ ಇಲ್ಲ ಅಂತ ಮೇಲಿನ ಹೊದಿಕೆ ಬಿಟ್ಟು ಬರಬೇಡಿ, ರಾತ್ರಿ ಮಂಜಿನ ಹನಿ ತೊಟ್ಟಿಕ್ಕುತ್ತೆ.

ಬಟ್ಟೆಯಲ್ಲಿ ಹತ್ತಿ ಕಡಿಮೆ ಇರಲಿ. ಹತ್ತಿ ಮಂಜಿಗೆ ತೇವ ಹಿಡಿದರೆ ಬೇಗ ಒಣಗಲ್ಲ. ಉಣ್ಣೆಯ ಸ್ವೆಟರ್, ಅದರ ಮೇಲೆ ತೆಳ್ಳಗಿನ ಗಾಳಿ ತಡೆಯುವ ಜಾಕೆಟ್, ಇಷ್ಟಿದ್ದರೆ ದಪ್ಪ ಕೋಟಿಗಿಂತ ಬೆಚ್ಚಗಿರುತ್ತೆ. ಮಾವನವರಿಗೆ ಮಂಕಿ ಕ್ಯಾಪ್ ಖಂಡಿತ ಇರಲಿ. ಅತ್ತೆಯವರು ಸೀರೆಯನ್ನೇ ಉಡೋರಾದರೆ ಒಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಶೂ. ನೆಲದ ಚಳಿ ಹಿರಿಯರಿಗೆ ಜಾಸ್ತಿ ತಾಗುತ್ತೆ, ಒಳ್ಳೆ ಮ್ಯಾಟ್‌ಗೆ ದುಡ್ಡು ಹಾಕಿ.

ಅಡುಗೆಗೆ ಒಲೆಯನ್ನು ನಂಬಿಕೊಳ್ಳಬೇಡಿ. ಕ್ಯಾಂಪ್‌ಗಳಲ್ಲಿ ಸೌದೆ ಉರಿಸುವಂತಿಲ್ಲ, ಸಣ್ಣ ಗ್ಯಾಸ್ ಸ್ಟವ್ ಉರಿ ಗಾಳಿಗೆ ಹಾರುತ್ತೆ. ಬರೀ ಬಿಸಿನೀರಿನಲ್ಲಿ ಆಗುವಂಥದ್ದು ಒಯ್ಯಿರಿ: ಒಗ್ಗರಣೆ ಸಮೇತ ಹುರಿದಿಟ್ಟ ಉಪ್ಪಿಟ್ಟಿನ ರವೆ, ಗೊಜ್ಜವಲಕ್ಕಿ, ಮೊದಲ ದಿನಕ್ಕೆ ಚಪಾತಿ-ಚಟ್ನಿಪುಡಿ, ಫ್ಲಾಸ್ಕ್ ತುಂಬ ಕಾಫಿ. ಸ್ಟವ್‌ಗೆ ಗಾಳಿಮರೆ ಇಡುವಾಗ ಗ್ಯಾಸ್ ಡಬ್ಬಿಯನ್ನು ಸುತ್ತಲೂ ಮುಚ್ಚಬೇಡಿ, ಅದು ಕಾದು ಅಪಾಯ. ಟೆಂಟಿನ ಒಳಗಂತೂ ಸ್ಟವ್ ಹಚ್ಚಲೇಬೇಡಿ, ವಿಷಾನಿಲ ತುಂಬಿಕೊಳ್ಳುತ್ತೆ. ಊಟದ ಸಾಮಾನೆಲ್ಲ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿ. ರಕೂನ್‌ಗಳು ರಾತ್ರಿ, ಕಾಗೆ ಜಾತಿಯ ರೇವನ್‌ಗಳು ಹಗಲು ಹೊಂಚು ಹಾಕುತ್ತಿರುತ್ತವೆ.

ಬೆಂಕಿ ವಿಷಯ ಬಂದದ್ದಕ್ಕೆ ಇದನ್ನೂ ಹೇಳಬೇಕು. 1995ರ ಅಕ್ಟೋಬರ್‌ನಲ್ಲಿ ಇಲ್ಲಿನ ಮೌಂಟ್ ವಿಷನ್ ಮೇಲೆ ಯಾರೋ ಅನುಮತಿ ಇಲ್ಲದೆ ಹಾಕಿದ್ದ ಕ್ಯಾಂಪ್‌ಫೈರ್ ಪೂರ್ತಿ ಆರಿರಲಿಲ್ಲ. ಗಾಳಿ ಎದ್ದು 12,000 ಎಕರೆಗೂ ಹೆಚ್ಚು ಸುಟ್ಟಿತು, 40ಕ್ಕೂ ಹೆಚ್ಚು ಮನೆ ಹೋದವು. ನಾನು ನಿಮಗೆ ಹೋಗಿ ಅಂತ ಹೇಳ್ತಿರೋ ಆ ಬೆಚ್ಚಗಿನ ತಿಂಗಳುಗಳೇ ಹುಲ್ಲು ಒಣಗಿರುವ ತಿಂಗಳುಗಳು. ಬೀಚ್ ಮೇಲೆ ಬೆಂಕಿ ಹಾಕೋಕೆ ಪರ್ಮಿಟ್ ಕೊಡ್ತಾರೆ, ಆದರೆ ಗಾಳಿ ಇರುವ ಸಂಜೆ ಪರ್ಮಿಟ್ ಕೈಯಲ್ಲಿದ್ದರೂ ಬೇಡ.

ಮಗಳಿಗೆ ನೀರಿನ ಬಗ್ಗೆ ಮೊದಲೇ ತಿಳಿಸಿ ಹೇಳಿ. ಮಲ್ಪೆ, ಮುರ್ಡೇಶ್ವರದ ಬೆಚ್ಚಗಿನ ಸಮುದ್ರ ಅಲ್ಲ ಇದು. ನೀರು 10ರಿಂದ 13 ಡಿಗ್ರಿ ಆಸುಪಾಸು, ಕೆಲವೇ ನಿಮಿಷಕ್ಕೆ ಕೈಕಾಲು ಜೋಮು ಹಿಡಿಯುತ್ತೆ. ಶಾಂತವಾಗಿದ್ದ ತೀರಕ್ಕೆ ಇದ್ದಕ್ಕಿದ್ದಂತೆ ದೊಡ್ಡ ಅಲೆ ಬಂದು ಎಳೆದುಕೊಂಡು ಹೋಗೋದೂ ಇಲ್ಲಿದೆ. ಸಮುದ್ರಕ್ಕೆ ಬೆನ್ನು ಕೊಟ್ಟು ಫೋಟೋಗೆ ನಿಲ್ಲೋದು ಬೇಡ. ಲಿಮಂಟೂರ್ ಸೌಮ್ಯ ಅಂದೆನಲ್ಲ, ಅಲ್ಲೂ ಪಾದ ನೆನೆಸೋದಷ್ಟೇ. ಕಾಲುದಾರಿಯಲ್ಲಿ ಅಂಚಿನ ಹುಲ್ಲು ಪೊದೆ ಸವರಿಕೊಂಡು ನಡೆಯಬೇಡಿ, ರಕ್ತ ಹೀರುವ ಉಣ್ಣಿಗಳು (ಟಿಕ್) ಇರುತ್ತವೆ, ಮುಟ್ಟಿದರೆ ಮೈಯೆಲ್ಲ ತುರಿಸುವ ಪಾಯ್ಸನ್ ಓಕ್ ಗಿಡವೂ ಇದೆ.

ಲೈಟ್‌ಹೌಸ್ ನೋಡಬಹುದಾ ಅಂತಲೂ ಕೇಳಿದ್ದೀರಿ. ನೋಡಲೇಬೇಕಾದ್ದು. 1870ರದ್ದು. ಬಂಡೆಯ ನೆತ್ತಿಯಲ್ಲಿ ಕಟ್ಟಿದರೆ ದೀಪ ಮಂಜಿನೊಳಗೆ ಹೂತುಹೋಗುತ್ತೆ ಅಂತ ನಡುಮಟ್ಟದಲ್ಲಿ ಕಟ್ಟಿದ್ದಾರೆ, ಆದ್ದರಿಂದ 313 ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಗಾಳಿ ಗಂಟೆಗೆ 40 ಮೈಲಿ ದಾಟಿದರೆ ಮೆಟ್ಟಿಲು ಮುಚ್ಚುತ್ತಾರೆ. ಅತ್ತೆ-ಮಾವ ಮೇಲಿನಿಂದಲೇ ನೋಡಲಿ, ಮಗಳನ್ನು ನೀವು ಇಳಿಸಿಕೊಂಡು ಹೋಗಿ.

ಹೊರಡುವ ಎರಡು ದಿನ ಮೊದಲು ನ್ಯಾಷನಲ್ ವೆದರ್ ಸರ್ವಿಸ್ ಪುಟದಲ್ಲಿ ಕ್ಯಾಂಪ್ ಇರುವ ಜಾಗವನ್ನೇ ನಕ್ಷೆಯಲ್ಲಿ ಒತ್ತಿ, ಗಂಟೆಗಂಟೆಯ ಗಾಳಿ ನೋಡಿ. ಪಾಯಿಂಟ್ ರೇಯ್ಸ್ ಸ್ಟೇಷನ್ ಪಟ್ಟಣದ ಹವೆ ನೋಡಿದರೆ ಪ್ರಯೋಜನ ಇಲ್ಲ, ಅದು ಒಳಗಿದೆ. ನಿಮ್ಮ ಮನೆಯವರ ಮಟ್ಟಿಗೆ ನನ್ನ ಗೆರೆ ಇದು: ಗಾಳಿಯ ಬೀಸು ಗಂಟೆಗೆ 25 ಮೈಲಿ ದಾಟುತ್ತೆ ಅಂತ ತೋರಿಸಿದರೆ ಕೋಸ್ಟ್ ಕ್ಯಾಂಪ್ ಬಿಟ್ಟುಬಿಡಿ, ಬುಕಿಂಗ್ ದುಡ್ಡು ಹೋದರೂ ಪರವಾಗಿಲ್ಲ. ಅತ್ತೆ-ಮಾವ ದಿನಕ್ಕೆ ಎಷ್ಟು ನಡೆಯಬಲ್ಲರು ಅಂತ ಕೆಳಗೆ ಬರೆದರೆ, ಕೋಸ್ಟ್ ಕ್ಯಾಂಪಿನ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯೋದು ಒಳ್ಳೇದು ಅಂತ ಹೇಳ್ತೀನಿ.