ನಂದಿ ಸುತ್ತ ನಿಧಾನವಾಗಿ ಒಂದು ದಿನ

ಭಾನುವಾರ ನಸುಕಿನಲ್ಲೇ ಹೊರಟರೂ ನಂದಿ ಬೆಟ್ಟದ ಬುಡದಲ್ಲಿ ಎರಡು ಗಂಟೆ ಕಾದು, ಬ್ರಿಟಿಷರ ಕಾಲದ್ದು ಏನೂ ನೋಡದೆ ವಾಪಸ್ ಬಂದಿರಿ, ಅಪ್ಪ ಅಮ್ಮ ಸುಸ್ತಾದರು ಅಂದಿದ್ದೀರಿ. ಬಹುಶಃ ಎಡವಟ್ಟಾಗಿದ್ದು ಸೂರ್ಯೋದಯದ ಆಸೆಯಿಂದಲೇ. ಬೆಂಗಳೂರಿನ ಅರ್ಧ ಜನ ಅದೇ ಹೊತ್ತಿಗೆ ಅಲ್ಲಿರುತ್ತಾರೆ.

ವಾರದ ನಡುವೆ, ತಿಂಡಿ ಮುಗಿಸಿಕೊಂಡೇ ಹೊರಡಿ. ಬೆಟ್ಟ ಕೊನೆಗಿರಲಿ.

ಮೊದಲು ನಂದಿ ಹಾಲ್ಟ್ ರೈಲು ನಿಲ್ದಾಣ. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹಾಕಿದ ನ್ಯಾರೋಗೇಜ್ (ಕಿರಿದಾದ ಹಳಿಯ) ರೈಲಿನ ಕಾಲದ್ದು. ಹಾಕಿಸಿದ್ದು ಮೈಸೂರು ಸಂಸ್ಥಾನದವರ ಕಾಲದಲ್ಲಿ, ಆದರೂ ನೀವು ಹುಡುಕುತ್ತಿರುವ ಹಳೇ ಕಳೆ ಅಲ್ಲಿದೆ. ಅರ್ಧ ಗಂಟೆ ಸುಮ್ನೆ ಕೂತುಬಿಡಿ. ಆಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ. ಅಲ್ಲಿಂದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ. ಬಾಗಿಲು ತೆಗೆಯುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಊಟಕ್ಕೆ ಚಿಕ್ಕಬಳ್ಳಾಪುರ.

ಮಧ್ಯಾಹ್ನ ಮೂರರ ನಂತರ ಬೆಟ್ಟ ಹತ್ತಿ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆ ಇಲ್ಲಿಗೇ ಬರುತ್ತಿದ್ದರು. ಅವರ ಬಂಗಲೆಗೆ ಈಗ ನೆಹರೂ ನಿಲಯ ಅಂತ ಹೆಸರು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ಉಳಿದದ್ದೂ ಇದೇ ಬೆಟ್ಟದಲ್ಲಿ. ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಪ್ರಪಾತದ ಕಡೆ ಜನ ಜಾಸ್ತಿ. ವಯಸ್ಸಾದವರನ್ನು ಅತ್ತ ನಡೆಸಬೇಡಿ, ಬಂಗಲೆ ಹತ್ತಿರದ ಮರದ ನೆರಳೇ ಸಾಕು. ತಿನ್ನುವುದನ್ನು ಕೈಯಲ್ಲಿ ಹಿಡಿದರೆ ಕೋತಿಗೆ ಕೊಟ್ಟಂತೆಯೇ.

ಇಳಿಯುವಾಗ ಎರಡನೇ ಗೇರಲ್ಲೇ ಬನ್ನಿ. ನಾನು ಒಮ್ಮೆ ಬ್ರೇಕ್ ಒತ್ತಿಕೊಂಡೇ ಇಳಿದು, ಕೆಳಗೆ ಬರುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ. ಕತ್ತಲಾಗುವ ಮೊದಲೇ ಇಳಿದುಬಿಡಿ, ಗೇಟ್ ಮುಚ್ಚುವ ಸಮಯ ಹತ್ತುವಾಗಲೇ ಕೇಳಿಕೊಂಡಿರಿ.