ಸಂಘದ ಸಾಲ ಮನ್ನಾ ಆಗಿದ್ಯಂತೆ, ಕಂತು ಕಟ್ಬೇಕಾ ಬೇಡ್ವಾ?

ಪ್ರಶ್ನೆ: ನಮ್ದು ಹೊಸನಗರ ಹತ್ರದ ಹಳ್ಳಿ. ಎರಡು ಮೈಕ್ರೋಫೈನಾನ್ಸ್‌ನಲ್ಲಿ ಸಾಲ ಇದೆ. ಮಳೆ ಹಿಡಿದ್ಮೇಲೆ ಕೂಲಿ ಇಲ್ಲ, ಹೋದ ವಾರ ಒಂದು ಕಂತು ತಪ್ತು, ಕಲೆಕ್ಷನ್‌ನವ್ನು ರಾತ್ರಿ ಎಂಟರ ತನಕ ಜಗಲಿ ಬಿಟ್ಟು ಏಳ್ಲಿಲ್ಲ. ಸರ್ಕಾರ ಕಾನೂನು ತಂದಿದೆ ಕಟ್ಟೋದೇ ಬೇಡ ಅಂತಾರೆ ಪಕ್ಕದ್ಮನೆಯವ್ರು, ಹೌದಾ?

ಉತ್ತರ: ಪಕ್ಕದ್ಮನೆಯವ್ರು ಅರ್ಧ ಕೇಳಿಸ್ಕೊಂಡು ಹೇಳಿದಾರೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರದ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆ ಆಯ್ತು, ಅದ್ರಲ್ಲಿ ತೀರಿತು ಅಂತ ಇರೋದು ಲೈಸೆನ್ಸು ನೋಂದಣಿ ಎರಡೂ ಇಲ್ದವ್ರು ದುರ್ಬಲ ವರ್ಗದವ್ರಿಗೆ ಕೊಟ್ಟ ಸಾಲ ಮಾತ್ರ. ಆರ್‌ಬಿಐ ನೋಂದಣಿ ಇರೋ ಕಂಪನಿದಾದ್ರೆ ಕಟ್ಲೇಬೇಕು, ಬಿಟ್ರೆ ಸಿಬಿಲ್ (ಸಾಲ ಸರಿಯಾಗಿ ಕಟ್ಟಿದೀರಾ ಅನ್ನೋ ದಾಖಲೆ) ಹಾಳಾಗಿ ನಾಳೆ ಸೊಸೈಟಿಲೂ ಬ್ಯಾಂಕಲ್ಲೂ ಕಷ್ಟ. ಹಂಗಾಗಿ ಮೊದ್ಲು ಲೋನ್ ಕಾರ್ಡ್ ತೆಗ್ದು ಯಾರ ಹೆಸ್ರಿದೆ ನೋಡಿ, ಕಲೆಕ್ಷನ್ ಹುಡುಗನ ಬ್ಯಾಗಲ್ಲಿರೋ ಹೆಸ್ರೇ ಬೇರೆ ಸಾಲ ಕೊಟ್ಟಿರೋ ಬ್ಯಾಂಕೇ ಬೇರೆ ಇರುತ್ತೆ ಎಷ್ಟೋ ಸಲ.

ಇನ್ನು ಜಗಲಿ ವಿಷ್ಯ. 2022ರ ಆರ್‌ಬಿಐ ನಿಯಮ ಪ್ರಕಾರ ವಸೂಲಿ ಇಬ್ರೂ ಒಪ್ಪಿದ ಜಾಗದಲ್ಲೇ ಆಗ್ಬೇಕು, ಅಲ್ಲಿಗೆ ನೀವು ಸತತ ಎರಡು ಸಲ ಬರ್ದೇ ಇದ್ರೆ ಮಾತ್ರ ಮನೆಗೆ ಬರ್ಬಹುದು, ಬೆಳಿಗ್ಗೆ 9ಕ್ಕೆ ಮುಂಚೆ ಸಂಜೆ 6ರ ಮೇಲೆ ಫೋನ್ ಕೂಡ ಮಾಡಂಗಿಲ್ಲ. ಒಂದು ಕಂತಿಗೆ ರಾತ್ರಿ ಎಂಟರ ತನಕ ಕೂತಿದ್ದು ಶುದ್ಧ ತಪ್ಪು.

ಇನ್ನೊಂದಿದೆ, ಇದನ್ನ ಯಾರೂ ಕೇಳಲ್ಲ. ಅದೇ ನಿಯಮದಲ್ಲಿ ಎಲ್ಲಾ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟ್ಬಾರ್ದು, 14,000 ದುಡಿಮೆ ಇದ್ರೆ 7,000ಕ್ಕೆ ಮುಗೀತು. ಎರಡನೇ ಸಾಲ ಕೊಟ್ಟೋರು ಫಾರ್ಮಲ್ಲಿ ನಿಮ್ಮ ಆದಾಯ ಎಷ್ಟು ಅಂತ ಬರ್ಕೊಂಡಿದಾರೆ, ಇರೋದಕ್ಕಿಂತ ಜಾಸ್ತಿ ಬರ್ದಿದಾರಾ ನೋಡೋಕೆ ಕಾಪಿ ಕೇಳಿ. ನಮ್ಮ ಕಡೆ ಅಡಿಕೆ ಕೊನೆ ಕೊಯ್ಲಲ್ಲಿ ಕೈತುಂಬ ಕೂಲಿ, ಆಷಾಢದಲ್ಲಿ ಕಂಬಳಿ ಹೊದ್ದು ಕೂರೋದು, ಕಂತು ಮಾತ್ರ ವಾರ ವಾರ ಒಂದೇ ಥರ, ಈ ಲೆಕ್ಕ ಮಾಡಿದೋರು ಮಲೆನಾಡ್ ಮಳೆ ನೋಡಿಲ್ಲ ಅನ್ಸುತ್ತೆ ನಂಗೆ.

ಈಗ ಕಂಪನಿಗೆ ಒಂದು ಅರ್ಜಿ ಬರೀರಿ, ರಾತ್ರಿ ಬಂದಿದ್ದು, ತಾರೀಕು, ಟೈಮು ಎಲ್ಲ ಹಾಕಿ, ಮಳೆಗಾಲ ಮುಗಿಯೋ ತನಕ ಕಂತು ಕಮ್ಮಿ ಮಾಡಿ ಅವಧಿ ಹೆಚ್ಚಿಸಿ ಅಂತಾನೂ ಅದ್ರಲ್ಲೇ ಕೇಳಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳೋ ಅಧಿಕಾರಿ) ದೂರು, ಫೀಸಿಲ್ಲ, ವಕೀಲ್ರೂ ಬೇಡ, ಮಾಹಿತಿಗೆ 14448. ಬೈದ್ರೆ, ಸಾಮಾನು ಎತ್ಕೊಂಡ್ ಹೋದ್ರೆ ಕಾಯ್ಬೇಡಿ, ಸೀದಾ ಠಾಣೆಗೆ ಹೋಗಿ.

ಮೂರನೇ ಸಂಘದಲ್ಲಿ ತಗೊಂಡು ಇದನ್ನ ತುಂಬೋ ಯೋಚ್ನೆ ಇದ್ರೆ ಅರ್ಜಿಗೆ ಉತ್ತರ ಬರೋ ತನಕನಾದ್ರೂ ತಡೀರಿ.