ಪಿಕಪ್ ಕ್ಯಾಬಿನ್ನಿನಲ್ಲಿ ಸಬ್‌ವೂಫರ್‌ಗೆ ಜಾಗವೆಲ್ಲಿ? – ಓದುಗರ ವಾಹನ ಪ್ರಶ್ನೋತ್ತರ

ಪ್ರಶ್ನೆ: ನನ್ನದು ಎರಡು ಬಾಗಿಲಿನ ಪಿಕಪ್. ದಾವಣಗೆರೆಯ ಎಪಿಎಂಸಿಯಿಂದ ಮೆಕ್ಕೆಜೋಳ ತುಂಬಿಕೊಂಡು ವಾರಕ್ಕೆ ಎರಡು ಮೂರು ಬಾರಿ ಹೊರಜಿಲ್ಲೆಗಳಿಗೆ ಹೋಗುತ್ತೇನೆ. ಗಾಡಿಯ ಜೊತೆಗೆ ಬಂದ ಸ್ಟೀರಿಯೊದಲ್ಲಿ ಹಾಡಿನ ಮಾತು ಕೇಳಿಸುತ್ತದೆಯೇ ಹೊರತು ಡೊಳ್ಳಿನ ಪೆಟ್ಟು ಕೇಳಿಸುವುದಿಲ್ಲ. ಸೀಟಿನ ಹಿಂದೆ ಕೆಳಗಡೆ 18 ಸೆಂ.ಮೀ., ಮೇಲ್ಗಡೆ 9 ಸೆಂ.ಮೀ. ಆಳವಿದೆ, ಎತ್ತರ 42 ಸೆಂ.ಮೀ.; ಜಾಕು, ಸ್ಪ್ಯಾನರುಗಳ ಚೀಲಕ್ಕೆ ಜಾಗ ಬಿಟ್ಟರೆ ಉಳಿಯುವ ಅಗಲ 70 ಸೆಂ.ಮೀ. ಸೀಟನ್ನು ಸ್ವಲ್ಪ ಮುಂದೆ ಸರಿಸಿ 12 ಇಂಚಿನ ಸಬ್‌ವೂಫರ್ (ತಗ್ಗು ಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರ್) ಕೂರಿಸೋಣ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಒಪ್ಪಬಹುದೇ?
– ಪಿಕಪ್ ಮಾಲೀಕರು, ದಾವಣಗೆರೆ

ಉತ್ತರ: ಒಪ್ಪಬೇಡಿ. ದಿನಕ್ಕೆ ಏಳೆಂಟು ಗಂಟೆ ಕ್ಲಚ್ ತುಳಿಯುವವರ ಮೊಣಕಾಲಿನಿಂದ ಕಿತ್ತುಕೊಂಡ ಜಾಗದಲ್ಲಿ ಕೇಳುವ ಸಂಗೀತದಲ್ಲಿ ಸುಖವಿಲ್ಲ, ಮೇಲಾಗಿ ನಿಮಗೆ 12 ಇಂಚಿನ ಅಗತ್ಯವೂ ಇಲ್ಲ.

ಅಗತ್ಯವಿಲ್ಲವೆನ್ನಲು ಕಾರಣ ನಿಮ್ಮ ಕ್ಯಾಬಿನ್ನಿನ ಸಣ್ಣತನವೇ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದು ಸ್ವರದ ಅರ್ಧ ತರಂಗವೇ ಕ್ಯಾಬಿನ್ನಿನ ಅತಿ ಉದ್ದದ ಅಳತೆಯನ್ನು ಮೀರಿದಾಗ, ಸ್ಪೀಕರಿನ ಕೋನು (ಹಿಂದೆ ಮುಂದೆ ಅಲುಗಿ ಸದ್ದು ಹೊರಡಿಸುವ ಭಾಗ) ಒಳಗಿನ ಗಾಳಿಯನ್ನೆಲ್ಲ ಸೈಕಲ್ ಪಂಪಿನ ಹಾಗೆ ಒಟ್ಟಾಗಿ ಒತ್ತತೊಡಗುತ್ತದೆ. ಆ ಅಳತೆ ಒಂದೂವರೆ ಮೀಟರ್ ಎಂದುಕೊಂಡರೆ, ಸುಮಾರು 115 ಹರ್ಟ್ಸ್‌ನಿಂದ ಕೆಳಗಿನ ಸ್ವರಗಳು ತಾವಾಗಿಯೇ ಬಲಗೊಳ್ಳುತ್ತ ಹೋಗುತ್ತವೆ. ದೊಡ್ಡ ಕಾರಿನಲ್ಲಿ ಈ ಸಹಾಯ ಇನ್ನೂ ತಗ್ಗು ಸ್ವರಗಳಲ್ಲಷ್ಟೇ ಶುರುವಾಗುತ್ತದೆ. ಕಿಟಕಿ ಇಳಿಸಿದೊಡನೆ ಈ ಲಾಭದ ಬಹುಪಾಲು ಸೋರಿಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಇನ್ನು ನಿಮ್ಮ ಅಳತೆಯ ಲೆಕ್ಕ. 15 ಮಿ.ಮೀ. ಪ್ಲೈವುಡ್ಡಿನಲ್ಲಿ ಹಿಂಗೋಡೆಗೆ ಅಂಟಿ ನಿಲ್ಲುವ, ಮೇಲೆ ಕಿರಿದಾಗುವ ಪೆಟ್ಟಿಗೆ ಮಾಡಿಸಿದರೆ, ಹಲಗೆಯ ದಪ್ಪ ಕಳೆದು ಒಳಗಿನ ಆಳ ಕೆಳಗೆ 15, ಮೇಲೆ 6 ಸೆಂ.ಮೀ., ಎತ್ತರ 39, ಅಗಲ 67. ಗುಣಿಸಿದರೆ ಸುಮಾರು 27 ಲೀಟರ್. ಬಡಗಿಗಳು ಸಾಮಾನ್ಯವಾಗಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ, ಆಮೇಲೆ ಕೋನು ಸೀಟಿನ ಬೆನ್ನಿಗೆ ಬಡಿಯುತ್ತದೆ. ಕೋನು ಮುಂದೆ ಬಂದು ಹೋಗಲು ಸೀಟಿಗೂ ಪೆಟ್ಟಿಗೆಗೂ ನಡುವೆ ಎರಡೂವರೆ ಸೆಂ.ಮೀ. ಬಿಡಲೇಬೇಕು. ಅಷ್ಟು ಬಿಟ್ಟ ಕೂಡಲೇ ಒಳಗಿನ ಆಳ 12.5 ಮತ್ತು 3.5 ಸೆಂ.ಮೀ.ಗೆ ಇಳಿದು, ಗಾತ್ರ 21 ಲೀಟರಿಗೆ ಬರುತ್ತದೆ. ಬೆರಳೆರಡರಷ್ಟು ಸಂದಿಗೆ ಆರು ಲೀಟರ್ ಹೋಯಿತು! ಆದರೂ ‘ಶ್ಯಾಲೋ ಮೌಂಟ್’ ಎಂದು ಮಾರುವ, ಆಯಸ್ಕಾಂತ ಚಪ್ಪಟೆಯಾಗಿರುವ 8 ಅಥವಾ 10 ಇಂಚಿನ ಸಬ್‌ವೂಫರ್‌ಗೆ, ರಂಧ್ರವಿಲ್ಲದ ಮುಚ್ಚಿದ ಪೆಟ್ಟಿಗೆಯಾದರೆ, ಈ ಗಾತ್ರ ಸಾಮಾನ್ಯವಾಗಿ ಸಾಕಾಗುತ್ತದೆ. ಕೊಳ್ಳುವ ಮೊದಲು ಅದರ ಕೈಪಿಡಿಯಲ್ಲಿ ಎರಡು ಅಂಕಿ ನೋಡಿ: ಬೇಕಾದ ಪೆಟ್ಟಿಗೆಯ ಗಾತ್ರ ಮತ್ತು ಮೌಂಟಿಂಗ್ ಆಳ, ಅಂದರೆ ಸ್ಪೀಕರ್ ಪೆಟ್ಟಿಗೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು. ಸ್ಪೀಕರನ್ನು ಪೆಟ್ಟಿಗೆಯ ಕೆಳಭಾಗದಲ್ಲಿ ಕೂರಿಸಿದರೂ, 10 ಇಂಚಿನದರ ನಡುಮಧ್ಯ ಬರುವ ಎತ್ತರದಲ್ಲಿ ಒಳಗೆ ಸಿಗುವುದು 9 ಸೆಂ.ಮೀ. ಆಳ ಮಾತ್ರ, ಆದ್ದರಿಂದ ಮೌಂಟಿಂಗ್ ಆಳ 8 ಸೆಂ.ಮೀ. ದಾಟುವುದನ್ನು ಮುಟ್ಟಬೇಡಿ. ಅದು ಸಿಗದಿದ್ದರೆ 8 ಇಂಚಿಗೆ ತೃಪ್ತಿಪಡಿ.

ಹಲಗೆ ಕೊಯ್ಯಿಸುವ ಮುನ್ನ ರಟ್ಟಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಕತ್ತರಿಸಿ, ಅಂಟುಪಟ್ಟಿ ಹಚ್ಚಿ, ಸೀಟಿನ ಹಿಂದೆ ಇಟ್ಟು, ನೀವು ನಿತ್ಯ ಕೂರುವ ಭಂಗಿಯಲ್ಲಿ ಕುಳಿತು ಒಂದು ಸುತ್ತು ಓಡಿಸಿ ನೋಡಿ. ರಟ್ಟು ಎಲ್ಲಿ ನಜ್ಜಾಯಿತೋ ಅಲ್ಲಿ ಹಲಗೆ ನಿಮ್ಮ ಬೆನ್ನಿಗೆ ಒತ್ತುತ್ತದೆ. ಜಾಕು ತೆಗೆಯಲು ಪೆಟ್ಟಿಗೆ ಬಿಚ್ಚಬೇಕಾಗದಂತಿರಲಿ. ರಾತ್ರಿ ಹೆದ್ದಾರಿಯಲ್ಲಿ ಪಂಕ್ಚರ್ ಆದಾಗ ಅದರ ಬೆಲೆ ತಿಳಿಯುತ್ತದೆ. ಹತ್ತು ಕಿಲೊ ತೂಗುವ ಪೆಟ್ಟಿಗೆ ಹಠಾತ್ ಬ್ರೇಕಿಗೆ ನಿಮ್ಮ ಮೇಲೆ ಬರದಂತೆ ಕಬ್ಬಿಣದ ಪಟ್ಟಿಯಿಂದ ಬೋಲ್ಟ್ ಹಾಕಿಸಿ. ತಳದಲ್ಲಿ ಡ್ರಿಲ್ ಹಾಕುವ ಮೊದಲು ಗಾಡಿಯ ಅಡಿಗೆ ಇಣುಕಿ ಡೀಸೆಲ್ ಮತ್ತು ಬ್ರೇಕ್ ಪೈಪುಗಳು ಎಲ್ಲಿ ಹಾದಿವೆ ಎಂದು ನೋಡಿಕೊಳ್ಳಿ.

ಇನ್ನು ಸಬ್‌ವೂಫರನ್ನು ನಡೆಸುವ ಆಂಪ್ಲಿಫೈಯರ್. ಅದರ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ‘1000 ವ್ಯಾಟ್’ ಅನ್ನು ಜಾತ್ರೆಯ ಫಲಕವೆಂದು ಬಿಟ್ಟುಬಿಡಿ, ಆರ್‌ಎಂಎಸ್ ಅಂಕಿಯನ್ನು (ಸತತವಾಗಿ ಕೊಡಬಲ್ಲ ಬಲ) ಮಾತ್ರ ನಂಬಿ. ನಿಮಗೆ 250 ವ್ಯಾಟ್ ಆರ್‌ಎಂಎಸ್ ಧಾರಾಳವಾಯಿತು. ವಿದ್ಯುತ್ತನ್ನು ಕಡಿಮೆ ಪೋಲು ಮಾಡುವ ‘ಕ್ಲಾಸ್ ಡಿ’ ಬಗೆಯ ಆಂಪ್ಲಿಫೈಯರ್ ಆಗಿದ್ದರೆ ಶೇ 80ರಷ್ಟು ದಕ್ಷತೆಯ ಲೆಕ್ಕದಲ್ಲಿ ಅದು ಪೂರ್ಣ ಬಲದಲ್ಲಿ ಎಳೆಯುವುದು ಸುಮಾರು 23 ಆಂಪಿಯರ್, ಹಾಗಾಗಿ 30 ಆಂಪಿಯರ್ ಫ್ಯೂಸ್, 8 ಗೇಜಿನ ತಾಮ್ರದ ಕೇಬಲ್ ಸಾಕು. ಕೇಬಲಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಾಮ್ರದ ಶೇ 60ರಷ್ಟು ಮಾತ್ರ ವಿದ್ಯುತ್ತನ್ನು ಹರಿಯಗೊಡುವುದರಿಂದ, ಅದನ್ನೇ ಹಾಕುವುದಾದರೆ ಇನ್ನೂ ದಪ್ಪದ್ದು ಬೇಕಾಗುತ್ತದೆ. ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗಿರಬೇಕು. ಆಂಪ್ಲಿಫೈಯರ್ ಬಳಿ ಹಾಕಿಸಿದ ಫ್ಯೂಸ್ ಆಂಪ್ಲಿಫೈಯರನ್ನಷ್ಟೇ ಕಾಯುತ್ತದೆ; ದಾರಿಯಲ್ಲಿ ಕೇಬಲ್ ತಗಡಿಗೆ ಉಜ್ಜಿ ಸಿಪ್ಪೆ ಸುಲಿದರೆ ಗಾಡಿಗೆ ಬೆಂಕಿ ಬೀಳುವುದನ್ನು ತಡೆಯುವುದು ಬ್ಯಾಟರಿಯ ಪಕ್ಕದ ಫ್ಯೂಸ್. ಆಂಪ್ಲಿಫೈಯರನ್ನು ಮ್ಯಾಟಿನ ಕೆಳಗೆ ಹುದುಗಿಸಬೇಡಿ, ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೂ ಉಸಿರಾಡಲು ಜಾಗ ಬೇಕು.

ಕೊನೆಯಲ್ಲಿ ಬಾಗಿಲಿನ ಸ್ಪೀಕರುಗಳಿಗೆ 80 ಹರ್ಟ್ಸ್‌ನಲ್ಲಿ ‘ಹೈ ಪಾಸ್’ (ಅದಕ್ಕಿಂತ ತಗ್ಗಿನ ಸ್ವರಗಳನ್ನು ತಡೆಯುವ ಸೋಸುಕ) ಹಾಕಿಸಿ. ತಗ್ಗು ಸ್ವರದ ಹೊರೆ ಇಳಿದ ಮೇಲೆ ಅವೇ ಹಳೆಯ ಸ್ಪೀಕರುಗಳು ಸ್ಪಷ್ಟವಾಗಿ ಹಾಡುತ್ತವೆ.

ಪ್ರಶ್ನೆ: ಹೊಸ ಆಂಪ್ಲಿಫೈಯರ್ ಹಾಕಿಸಿದ ಮೇಲೆ ಎಂಜಿನ್ ಚಾಲೂ ಆದೊಡನೆ ಸ್ಪೀಕರಿನಲ್ಲಿ ‘ಕುಂಯ್’ ಎಂಬ ಸದ್ದು, ಆಕ್ಸಿಲರೇಟರ್ ತುಳಿದಂತೆಲ್ಲ ಏರುತ್ತದೆ. ಆಂಪ್ಲಿಫೈಯರ್ ಕೆಟ್ಟಿದೆಯೇ?
– ಓದುಗರು, ಚಳ್ಳಕೆರೆ

ಉತ್ತರ: ಬಹುತೇಕ ಕೆಟ್ಟಿರಲಾರದು. ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು, ಒಳಬರುವ ದಾರಿ ಸಾಮಾನ್ಯವಾಗಿ ಸಡಿಲವಾದ ಅರ್ಥ್. ಕಪ್ಪು ತಂತಿಯನ್ನು ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಕೂರಿಸಿದ್ದಾರೆಯೇ ನೋಡಿ. ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ, ರಿಂಗ್ ಟರ್ಮಿನಲ್ ಇಟ್ಟು ಬೋಲ್ಟ್ ಬಿಗಿಸಬೇಕು. ತಂತಿಯ ಉದ್ದ ಕಡಿಮೆ ಇರಬೇಕು, ಅದರ ದಪ್ಪ ಪವರ್ ಕೇಬಲಿನಷ್ಟೇ ಇರಬೇಕು; ಸೀಟ್ ಬೆಲ್ಟಿನ ಬೋಲ್ಟಿಗೆ ಮಾತ್ರ ಕಟ್ಟಬೇಡಿ. ಹಾಡು ಜೋರಾಗಿರುವಾಗ ಆಂಪ್ಲಿಫೈಯರಿನ ಅರ್ಥ್ ತುದಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮೀಟರ್ ಹಿಡಿದರೆ ಅರ್ಧ ವೋಲ್ಟ್ ಮೀರುತ್ತಿದ್ದರೆ ದೋಷ ಅಲ್ಲೇ ಇದೆ. ಆ ಮೇಲೂ ಸದ್ದು ಉಳಿದರೆ ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಹಾಡನ್ನು ಒಯ್ಯುವ ಆರ್‌ಸಿಎ ಕೇಬಲನ್ನು ಪವರ್ ಕೇಬಲಿನ ಜೊತೆಗೆ ಹಾಯಿಸದೆ ಗಾಡಿಯ ಇನ್ನೊಂದು ಬದಿಯಿಂದ ತನ್ನಿ.

ಪ್ರಶ್ನೆ: ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ನಮ್ಮ ಪಿಕಪ್ ನಿತ್ಯ ಓಡುತ್ತದೆ. ಬಾಗಿಲಿನ ಸ್ಪೀಕರುಗಳು ಬೇಗ ಹರಿಯುತ್ತವೆ. ಏನು ಮಾಡಬೇಕು?
– ಓದುಗರು, ಚಿತ್ರದುರ್ಗ

ಉತ್ತರ: ಕಾಗದದ ಕೋನಿನ ಬದಲು ಪಾಲಿಪ್ರೊಪಿಲೀನ್ ಕೋನು, ರಬ್ಬರಿನ ಅಂಚು ಇರುವುದನ್ನು ಹಾಕಿಸಿ. ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮೆಕ್ಯಾನಿಕ್ ಹರಿದು ಎಸೆದಿದ್ದರೆ ಹೊಸದನ್ನು ಅಂಟಿಸಿ. ಕಿಟಕಿಯ ಗಾಜಿನ ಪಕ್ಕದಿಂದ ಇಳಿಯುವ ನೀರು ಮತ್ತು ಕೆಂಧೂಳು ಒಳಗೆ ಬರದಂತೆ ತಡೆಯುತ್ತಿದ್ದುದು ಅದೇ. ಬಾಗಿಲಿನ ತಳದ ನೀರಿಳಿಯುವ ತೂತುಗಳು ಕೆಸರಿನಿಂದ ಮುಚ್ಚಿಕೊಂಡಿದ್ದರೆ ತೆಳ್ಳನೆಯ ಕಡ್ಡಿಯಿಂದ ಬಿಡಿಸಿ.